ಬರೆಯುತ್ತಿರುವ ಫೈಲನ್ನೇ ಓದಿದರೆ ಒಮ್ಮೊಮ್ಮೆ ಖಾಲಿ ಬರುತ್ತಿದೆ, ಯಾಕೆ?

ಡೈರಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರ ಹಾಲಿನ ಡೈರಿಗೆ ಒಂದು ಸಣ್ಣ ಸಿಸ್ಟಂ ಮಾಡಿಕೊಟ್ಟಿದ್ದೇನೆ. ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್), ಎರಡು ಪೈಥಾನ್ ಪ್ರೋಗ್ರಾಂ, ಅಷ್ಟೇ. ಮೊದಲನೆಯದು ಮಷಿನ್‌ನಿಂದ ಬರುವ ಲೀಟರ್ ಮತ್ತು ಫ್ಯಾಟ್ ತೆಗೆದುಕೊಂಡು ಸೆಕೆಂಡಿಗೆ ಎರಡು ಸಲ ಒಂದು ಜೇಸನ್ ಫೈಲ್‌ಗೆ (ಡೇಟಾ ಇಡುವ ಸಾದಾ ಟೆಕ್ಸ್ಟ್ ಫೈಲ್) ಬರೆಯುತ್ತದೆ. ಎರಡನೆಯದು ಆ ಫೈಲ್ ಓದಿ ಗೋಡೆ ಮೇಲಿನ ಬೋರ್ಡಿನಲ್ಲಿ ತೋರಿಸುತ್ತದೆ.

ತೊಂದರೆ ಏನೆಂದರೆ ದಿನಕ್ಕೆ ಐದಾರು ಸಲ ಬೋರ್ಡ್ ಖಾಲಿ ಆಗುತ್ತದೆ. ಲಾಗ್ ನೋಡಿದರೆ ಜೇಸನ್ ಎರರ್, "ಎಕ್ಸ್‌ಪೆಕ್ಟಿಂಗ್ ವ್ಯಾಲ್ಯೂ, ಲೈನ್ 1 ಕಾಲಮ್ 1". ತಕ್ಷಣ ಹೋಗಿ ಫೈಲ್ ತೆರೆದರೆ ಎಲ್ಲ ಸರಿಯಾಗಿಯೇ ಇದೆ! ಫೈಲ್ 200 ಬೈಟೂ ಇಲ್ಲ. ಎಸ್‌ಡಿ ಕಾರ್ಡ್ ಹಾಳಾಗಿದೆಯಾ? ಹೊಸದು ಹಾಕಿಯೂ ನೋಡಿದೆ, ಅದೇ ಕಥೆ.

ಸುಮ್ನೆ_ಓದ್ತೀನಿ

ಟ್ರೈ, ಎಕ್ಸೆಪ್ಟ್ ಹಾಕಿ, ಎರರ್ ಬಂದರೆ ಇನ್ನೊಂದು ಸಲ ಓದಿಸಿ. ಮುಗೀತು. ನಾನು ಹಾಗೇ ಮಾಡೋದು.

ಹಳೇ_ಟರ್ಮಿನಲ್

ಕಾರ್ಡ್ ಹಾಳಾಗಿಲ್ಲ, ತಮ್ಮಾ. ಲೈನ್ 1 ಕಾಲಮ್ 1 ಅಂದರೆ ಓದುವವನಿಗೆ ಸಿಕ್ಕಿದ್ದು ಸೊನ್ನೆ ಬೈಟ್. ನೀವು ಫೈಲನ್ನು ಡಬ್ಲ್ಯೂ ಮೋಡ್‌ನಲ್ಲಿ ತೆರೆಯುತ್ತಿದ್ದೀರಿ, ಅಲ್ವಾ? ಆ ಮೋಡ್‌ನಲ್ಲಿ ತೆರೆದ ಕ್ಷಣದಲ್ಲೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹಳೇ ಫೈಲನ್ನು ಸೊನ್ನೆಗೆ ಇಳಿಸುತ್ತದೆ. ಆಮೇಲೆ ನೀವು ಬರೆದದ್ದು ನೇರ ಫೈಲಿಗೆ ಹೋಗುವುದಿಲ್ಲ. ಪೈಥಾನ್ ಅದನ್ನು ಮೆಮೊರಿಯಲ್ಲಿರುವ ತನ್ನ ಬಫರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆ ಬಫರ್ ಕೆಲವು ಕೆಬಿಯಾದರೂ ಇರುತ್ತದೆ. ನಿಮ್ಮದು 200 ಬೈಟ್. ಹಾಗಾಗಿ ಕ್ಲೋಸ್ ಮಾಡುವವರೆಗೂ ಫೈಲ್ ಖಾಲಿಯೇ. ಆ ಸಂದಿಯಲ್ಲಿ ಬೋರ್ಡಿನ ಪ್ರೋಗ್ರಾಂ ಬಂದು ಓದಿತು ಅಂದರೆ ಅದಕ್ಕೆ ಸಿಗುವುದು ಬರೀ ಗಾಳಿ.

ನಿಮ್ಮ ಡೈರಿಯಲ್ಲೇ ಇದನ್ನು ನೋಡಿರುತ್ತೀರಿ. ಕಾರ್ಯದರ್ಶಿ ಹೊಸ ರೇಟ್ ಬರೆಯಬೇಕು ಅಂತ ಕರಿಹಲಗೆ ಒರೆಸುತ್ತಾರೆ. ಚಾಕ್‌ಪೀಸ್ ಹುಡುಕುವಷ್ಟರಲ್ಲಿ ಯಾರೋ ಬಾಗಿಲಿಂದ ಇಣುಕಿ, "ಏನ್ ಸ್ವಾಮಿ, ಇವತ್ತು ರೇಟೇ ಇಲ್ವಾ" ಅನ್ನುತ್ತಾರೆ. ಅಷ್ಟೇ ಆಗುತ್ತಿರುವುದು.

ಹಳೇ_ಟರ್ಮಿನಲ್

ಇನ್ನೊಂದು ಮಾತು, ಮೇಲೆ ಹೇಳಿದ ಟ್ರೈ-ಎಕ್ಸೆಪ್ಟ್ ಬಗ್ಗೆ. ಜೇಸನ್ ಆದ್ದರಿಂದ ಅರ್ಧ ಸಿಕ್ಕಿದರೆ ಎರರ್ ಬರುತ್ತದೆ, ನಿಮ್ಮ ಪುಣ್ಯ. ಅದೇ ಫೈಲ್‌ನಲ್ಲಿ ಬರೀ 12.45 ಅಂತ ಇದ್ದು, ಓದುವವನಿಗೆ 12 ಅಂತ ಮಾತ್ರ ಸಿಕ್ಕಿತು ಅಂದುಕೊಳ್ಳಿ. ಎರರ್ ಇಲ್ಲ, ಏನಿಲ್ಲ, ತಪ್ಪು ಲೆಕ್ಕ ಸದ್ದಿಲ್ಲದೆ ಒಳಗೆ ಬಂತು. ಎರರ್ ಕೊಡುವ ತಪ್ಪಿಗಿಂತ ಸುಮ್ಮನಿರುವ ತಪ್ಪು ಕೆಟ್ಟದ್ದು.

ಡೈರಿ_ಹುಡುಗ

ಸರ್, ಡಬ್ಲ್ಯೂ ಮೋಡೇ. ಹೌದು. ಎರಡೂ ಕಡೆ ಲಾಕ್ ಹಾಕಿದರೆ ಸರಿಹೋಗುತ್ತದಲ್ಲ? ಎಫ್‌ಲಾಕ್ ಹಾಕಿ ನೋಡುತ್ತೇನೆ.

ಡೈರಿ_ಹುಡುಗ

ಹಾಕಿದೆ. ಆದರೂ ಖಾಲಿ ಬರುತ್ತಿದೆ! ಕಡಿಮೆ ಆಗಿದೆ, ನಿಂತಿಲ್ಲ.

ಮಲ್ನಾಡ್_ಸರ್ವರ್

ಬರೆಯುವ ಕಡೆ ಕೋಡ್ ಹೇಗಿದೆ ಹೇಳಲಾ? ಮೊದಲು ಡಬ್ಲ್ಯೂ ಮೋಡ್‌ನಲ್ಲಿ ಓಪನ್, ಆಮೇಲೆ ಎಫ್‌ಲಾಕ್. ಸರಿನಾ? ಓಪನ್ ಮಾಡುವಾಗಲೇ ಫೈಲ್ ಒರೆಸಿ ಹೋಯಿತು. ಬೀಗ ಬಿದ್ದದ್ದು ಆಮೇಲೆ. ಓದುವವನು ಲಾಕ್ ಹಿಡಿದುಕೊಂಡೇ ಇದ್ದರೂ ಅವನ ಕೈಯಲ್ಲಿರುವ ಫೈಲ್ ಖಾಲಿ ಆಗುತ್ತದೆ. ನಾನೂ ಇದೇ ತಪ್ಪು ಮಾಡಿ ಒಂದು ವಾರ ಕೂದಲು ಕಿತ್ತುಕೊಂಡಿದ್ದೇನೆ, ಅದಕ್ಕೇ ಗೊತ್ತು. ಲಾಕ್ ಬೇಕೇ ಬೇಕು ಅಂದರೆ ಅದಕ್ಕೊಂದು ಬೇರೆ ಫೈಲ್ ಇಡಿ, ಡೇಟಾ ಫೈಲಿಗೇ ಹಾಕಬೇಡಿ.

ಮತ್ತೆ ಈ ಲಾಕ್ ಎಲ್ಲ ಬರೀ ಒಪ್ಪಂದ. ನೀವು ಲಾಕ್ ಹಾಕಿದ್ದೀರಿ ಅಂತ ಬೇರೆ ಪ್ರೋಗ್ರಾಂ ಏನೂ ನಿಲ್ಲುವುದಿಲ್ಲ. ಅದೂ ಲಾಕ್ ಕೇಳಿದರೆ ಮಾತ್ರ ಕಾಯುತ್ತದೆ. ಕಡ್ಡಾಯ ಲಾಕ್ ಅಂತ ಲಿನಕ್ಸ್‌ನಲ್ಲಿ ಒಂದಿತ್ತು, ಯಾರೂ ನೆಚ್ಚಿಕೊಳ್ಳುತ್ತಿರಲಿಲ್ಲ. 2021ರ 5.15 ಕರ್ನಲ್‌ನಲ್ಲಿ ಅದನ್ನು ತೆಗೆದೇ ಹಾಕಿದರು.

ಫಿಲ್ಟರ್_ಕಾಫಿ_ಸಿ

ಸ್ವಲ್ಪ ತಡೀರಿ. ಒರೆಸುವ ವಿಷಯ ಒಪ್ಪಿದೆ. ಆದರೆ ಒರೆಸದೆ, ಇದ್ದ ಫೈಲ್ ಮೇಲೆ ಒಂದೇ ಒಂದು ರೈಟ್ ಕಾಲ್‌ನಲ್ಲಿ ಬರೆದರೆ ತೊಂದರೆ ಯಾಕೆ? ಪಾಸಿಕ್ಸ್‌ನ (ಯೂನಿಕ್ಸ್ ಮಾದರಿ ಸಿಸ್ಟಂಗಳ ಸ್ಟ್ಯಾಂಡರ್ಡ್) 2008ರ ಆವೃತ್ತಿ ತೆಗೆದು ನೋಡಿ, ವಿಭಾಗ 2.9.7. ರೀಡ್, ರೈಟ್ ಎಲ್ಲವೂ ಸಾಮಾನ್ಯ ಫೈಲ್‌ಗಳ ಮಟ್ಟಿಗೆ ಒಂದಕ್ಕೊಂದು ಅಟಾಮಿಕ್ ಆಗಿರಬೇಕು ಎಂದು ಬರೆದಿದೆ. ಓದುವವನಿಗೆ ಪೂರ್ತಿ ಹಳೆಯದು ಸಿಗಬೇಕು, ಇಲ್ಲವೇ ಪೂರ್ತಿ ಹೊಸದು. 4096 ಬೈಟ್‌ವರೆಗಂತೂ ಗ್ಯಾರಂಟಿ.

ಹಳೇ_ಟರ್ಮಿನಲ್

ಎರಡು ಬೇರೆ ಬೇರೆ ವಿಷಯ ಬೆರೆಸಿದ್ದೀರಿ ಕಾಫಿಯವರೇ. ಆ 4096 ಪೈಪ್‌ಗೆ (ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವ ದಾರಿ) ಸೇರಿದ್ದು, ಪೈಪ್-ಬಫ್ ಅಂತ. ಲಿನಕ್ಸ್‌ನಲ್ಲಿ 4096, ಪಾಸಿಕ್ಸ್ ಕೇಳುವುದು ಕನಿಷ್ಠ 512. ಅದಕ್ಕೂ ಡಿಸ್ಕ್‌ನಲ್ಲಿರುವ ಫೈಲಿಗೂ ಸಂಬಂಧವಿಲ್ಲ. ಎಷ್ಟು ಜನ ಸೀನಿಯರ್‌ಗಳು ಇಂಟರ್‌ವ್ಯೂಗಳಲ್ಲೂ ಇದನ್ನೇ ಹೇಳುತ್ತಾರೋ.

2.9.7ರ ಮಾತು ನಿಜ, ಬರೆದದ್ದು ಹಾಗೇ ಇದೆ. ಆದರೆ ಪುಸ್ತಕದಲ್ಲಿ ಇರುವುದು ಬೇರೆ, ಹೊಲದಲ್ಲಿ ಬೆಳೆಯುವುದು ಬೇರೆ. ಪೈನಲ್ಲಿ ಇರುವ ಫೈಲ್‌ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಎಕ್ಸ್ಟ್4. ಅದರಲ್ಲಿ ಬರೆಯುವವನು ಐನೋಡ್ (ಹೆಸರಿನ ಹಿಂದಿರುವ ನಿಜವಾದ ಫೈಲ್‌ನ ದಾಖಲೆ) ಲಾಕ್ ಹಿಡಿಯುತ್ತಾನೆ. ಹಾಗಾಗಿ ಇಬ್ಬರು ಬರೆಯುವವರು ಡಿಕ್ಕಿ ಹೊಡೆಯುವುದಿಲ್ಲ. ಆದರೆ ಪೇಜ್ ಕ್ಯಾಶ್‌ನಿಂದ (ಮೆಮೊರಿಯಲ್ಲಿ ಪೇಜ್ ಎಂಬ ತುಂಡುಗಳಾಗಿ ಇಟ್ಟ ಫೈಲ್ ಪ್ರತಿ) ಓದುವವನು ಆ ಲಾಕ್ ಕೇಳುವುದೇ ಇಲ್ಲ! ಪೇಜ್ ಸಿಕ್ಕಿತಾ, ಅದರಲ್ಲಿ ಡೇಟಾ ಇದೆಯಾ, ಕಾಪಿ ಮಾಡಿಕೊಂಡು ಹೋದ. ನೀವು 16 ಕೆಬಿ ಬರೆಯುತ್ತಿದ್ದರೆ ಮೊದಲ ಎರಡು ಪೇಜ್ ಹೊಸದು, ಉಳಿದ ಎರಡು ಹಳೆಯದು ಸಿಗಬಹುದು. ಒಂದೇ ಪೇಜಿನ ಒಳಗೂ ಆಗಬಹುದು, ಸಾಧ್ಯತೆ ಕಮ್ಮಿ ಅಷ್ಟೇ.

ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್‌ಸಿಸ್ಟಂ ಈ ವಿಷಯದಲ್ಲಿ ಕಟ್ಟುನಿಟ್ಟು. ಅಲ್ಲಿ ಓದುವವನೂ ಹಂಚಿಕೊಳ್ಳುವ ಲಾಕ್ ಒಂದನ್ನು ಹಿಡಿಯಲೇಬೇಕು, ಬರೆಯುವವನು ಮುಗಿಸುವವರೆಗೆ ಕಾಯಲೇಬೇಕು. ಅದಕ್ಕೆ ಬೆಲೆಯೂ ಇದೆ. ಒಂದೇ ದೊಡ್ಡ ಫೈಲಿಗೆ ಒಟ್ಟಿಗೇ ಓದುವುದು, ಬರೆಯುವುದು ನಡೆದರೆ ಎಕ್ಸ್ಟ್4 ಅದಕ್ಕಿಂತ ಚುರುಕಾಗಿ ಕಾಣುತ್ತದೆ. ಚುರುಕು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ. ಹಾಗಂತ ಎಕ್ಸ್‌ಎಫ್‌ಎಸ್ ಎಲ್ಲ ಕಡೆಯೂ ಹೀಗೇ ಅಂತ ನಂಬಬೇಡಿ. ಡೈರೆಕ್ಟ್ ಐಓ (ಪೇಜ್ ಕ್ಯಾಶ್ ಬಿಟ್ಟು ನೇರ ಡಿಸ್ಕ್‌ಗೆ) ಮಾಡಿದರೆ ಅಲ್ಲೂ ಬರೆಯುವವನು ಸಾಮಾನ್ಯವಾಗಿ ಹಂಚಿಕೊಳ್ಳುವ ಲಾಕನ್ನೇ ಹಿಡಿಯುವುದು.

ಫಿಲ್ಟರ್_ಕಾಫಿ_ಸಿ

ಪೈಪ್ ವಿಷಯ ಒಪ್ಪಿದೆ, ನನ್ನ ತಪ್ಪು. ಆದರೆ ಸ್ಟ್ಯಾಂಡರ್ಡ್‌ನಲ್ಲಿ ಬರೆದದ್ದನ್ನು ಪಾಲಿಸದಿದ್ದರೆ ಅದು ಬಗ್ ತಾನೇ? "ಹೊಲದಲ್ಲಿ ಹೀಗೆ" ಅಂದರೆ ಮುಗಿಯಿತಾ?

ಹಳೇ_ಟರ್ಮಿನಲ್

ಬಗ್ ಅನ್ನುವವರೂ ಇದ್ದಾರೆ. ಕೆಲವು ಸಲ ಸರಿಪಡಿಸಿದ್ದೂ ಇದೆ. ಒಂದೇ ಫೈಲ್ ಡಿಸ್ಕ್ರಿಪ್ಟರನ್ನು ಎರಡು ಥ್ರೆಡ್ ಹಂಚಿಕೊಂಡು ಬರೆದಾಗ ಆಫ್‌ಸೆಟ್ (ಮುಂದೆ ಎಲ್ಲಿಂದ ಬರೆಯಬೇಕು ಅನ್ನುವ ಗುರುತು) ಅಪ್‌ಡೇಟ್ ಅಟಾಮಿಕ್ ಆಗಿರಲಿಲ್ಲ, ಒಬ್ಬರ ಡೇಟಾ ಮೇಲೆ ಇನ್ನೊಬ್ಬರದು ಬೀಳುತ್ತಿತ್ತು. 2014ರ 3.14 ಕರ್ನಲ್‌ನಲ್ಲಿ ಪಾಸಿಕ್ಸ್ ಹೆಸರು ಹೇಳಿಯೇ ಅದನ್ನು ಸರಿಮಾಡಿದರು. ಆದರೆ ಓದುವವರನ್ನೆಲ್ಲ ಕಾಯಿಸುವುದಕ್ಕೆ ಎಕ್ಸ್ಟ್4 ಬಳಸುವ ಯಾರೂ ತಯಾರಿಲ್ಲ. ಹಾಗಾಗಿ ಪ್ರೋಗ್ರಾಂ ಬರೆಯುವವರು ಅದನ್ನು ನೆಚ್ಚಿಕೊಂಡು ಕೂರಬಾರದು ಅನ್ನುವುದಷ್ಟೇ ನನ್ನ ಮಾತು.

ಆರ್ಮ್_ಅಜ್ಜ

ಪೈ ಬಳಸುವವರಿಗೆ ಒಂದು ಕಿರು ಸುದ್ದಿ. ಫೈಲಿನ ಕೊನೆಗೆ ಒಬ್ಬ ಸೇರಿಸುತ್ತಾ ಹೋಗುವಾಗ ಇನ್ನೊಬ್ಬ ಓದಿದರೆ, ಪೈನಲ್ಲಿರುವ ಆರ್ಮ್‌ನಂಥ ಚಿಪ್‌ಗಳಲ್ಲಿ ಫೈಲ್ ಉದ್ದ ಹೊಸದು, ಒಳಗಿನ ಡೇಟಾ ಬರೀ ಸೊನ್ನೆ ಅನ್ನುವ ಹಾಗೆ ಕಾಣುವ ಒಂದು ಸಂದಿ ಇತ್ತು. ಈ ಚಿಪ್‌ಗಳು ಮೆಮೊರಿ ಓದುವ ಕ್ರಮವನ್ನು ಹಿಂದುಮುಂದು ಮಾಡಬಲ್ಲವು, ಅದರಿಂದ. 2023ರ ಡಿಸೆಂಬರ್‌ನಲ್ಲಿ ಕರ್ನಲ್‌ಗೆ ಒಂದು ಮೆಮೊರಿ ಬ್ಯಾರಿಯರ್ (ಓದುವ ಕ್ರಮ ಕಾಯುವ ಸೂಚನೆ) ಸೇರಿಸಿ ಅದನ್ನು ಮುಚ್ಚಿದರು. ಒಂದೇ ಸಾಲಿನ ತಿದ್ದುಪಡಿ ಅದು.

ಡೈರಿ_ಹುಡುಗ

ತಲೆ ಗಿರ್ ಅಂತಿದೆ. ಹಾಗಾದರೆ ನಾನು ಮಾಡಬೇಕಾದ್ದು ಏನು?

ಮಲ್ನಾಡ್_ಸರ್ವರ್

ಹಲಗೆ ಒರೆಸಲೇಬೇಡಿ. ಇನ್ನೊಂದು ಹಲಗೆ ಮೇಲೆ ಪೂರ್ತಿ ಬರೆದು, ಮೊಳೆ ಮೇಲಿನ ಹಲಗೆಯನ್ನೇ ಬದಲಾಯಿಸಿ. ಅಂದರೆ ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಲ್ಲಿ ಫೈಲ್ ಬರೆದು ಕ್ಲೋಸ್ ಮಾಡಿ, ಆಮೇಲೆ ರಿನೇಮ್. ಪೈಥಾನ್‌ನಲ್ಲಿ ಓಎಸ್ ಡಾಟ್ ರಿಪ್ಲೇಸ್. ಹೆಸರು ಬದಲಾಗುವುದು ಅಟಾಮಿಕ್. ಓಪನ್ ಮಾಡುವವನಿಗೆ ಹಳೇ ಫೈಲ್ ಸಿಗುತ್ತದೆ, ಇಲ್ಲವೇ ಹೊಸ ಫೈಲ್. ಮಧ್ಯದ್ದು ಅನ್ನುವುದೇ ಇಲ್ಲ. ಹಳೆಯದನ್ನು ಮೊದಲೇ ತೆರೆದು ಓದುತ್ತಾ ಕೂತವನಿಗೂ ತೊಂದರೆ ಇಲ್ಲ. ಅವನು ಕ್ಲೋಸ್ ಮಾಡುವವರೆಗೆ ಆ ಹಳೇ ಐನೋಡ್ ಬದುಕಿರುತ್ತದೆ.

"ಅದೇ ಫೋಲ್ಡರ್" ಅಂದದ್ದು ಸುಮ್ಮನೆ ಅಲ್ಲ. ಟೆಂಪ್ ಫೋಲ್ಡರ್‌ನಲ್ಲಿ ಬರೆದು ಇಲ್ಲಿಗೆ ರಿನೇಮ್ ಮಾಡಲು ಹೋದರೆ, ಅದು ಬೇರೆ ಫೈಲ್‌ಸಿಸ್ಟಂ ಆಗಿದ್ದರೆ ಎಕ್ಸ್‌ಡೆವ್ ಎರರ್ ಬರುತ್ತದೆ. ಕೆಲವು ಲೈಬ್ರರಿಗಳು ಎರರ್ ಕೊಡದೆ ಸದ್ದಿಲ್ಲದೆ ಕಾಪಿ ಮಾಡಿಬಿಡುತ್ತವೆ, ಆಗ ಮತ್ತೆ ಮೊದಲಿನ ಕಥೆಯೇ.

ಕರೆಂಟ್_ಹೋಯ್ತು

ರಿನೇಮ್‌ಗಿಂತ ಮೊದಲು ಎಫ್‌ಸಿಂಕ್ ಮಾಡಿ, ಅಂದರೆ ಡೇಟಾ ಡಿಸ್ಕ್‌ಗೆ ಹೋಗುವವರೆಗೆ ಕಾಯಿಸಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ದೇವರಿಗೇ ಗೊತ್ತು. ಓದುವವನ ಕಣ್ಣಿಗೆ ಅಟಾಮಿಕ್ ಆಗಿರುವುದು ಬೇರೆ, ಕರೆಂಟ್ ಹೋಗಿ ಬಂದ ಮೇಲೆ ಉಳಿಯುವುದು ಬೇರೆ. 2009ರಲ್ಲಿ ಎಕ್ಸ್ಟ್4 ಹೊಸದಾಗಿ ಬಂದಾಗ ಉಬುಂಟು 9.04 ಪರೀಕ್ಷಿಸುತ್ತಿದ್ದವರು ಇದೇ ವಿಷಯಕ್ಕೆ ದೊಡ್ಡ ಗಲಾಟೆ ಮಾಡಿದ್ದರು. ಸಿಸ್ಟಂ ಕ್ರ್ಯಾಶ್ ಆಗಿ ಎದ್ದರೆ ಸೆಟ್ಟಿಂಗ್ ಫೈಲ್‌ಗಳೆಲ್ಲ ಸೊನ್ನೆ ಬೈಟ್! ಹೆಸರು ಬದಲಾದದ್ದು ಡಿಸ್ಕ್‌ಗೆ ಹೋಗಿತ್ತು, ಒಳಗಿನ ಡೇಟಾ ಹೋಗಿರಲಿಲ್ಲ. ಆಮೇಲೆ 2.6.30 ಕರ್ನಲ್‌ನಲ್ಲಿ, ಹೀಗೆ ಹಳೇ ಫೈಲ್ ಮೇಲೆ ರಿನೇಮ್ ಮಾಡಿದಾಗ ಡೇಟಾ ಬ್ಲಾಕ್‌ಗಳನ್ನು ಮೊದಲೇ ಕಳಿಸುವ ಹಾಗೆ ಮಾಡಿದರು. ಆದರೂ ನಾನಂತೂ ಎಫ್‌ಸಿಂಕ್ ಬಿಡಲ್ಲ.

ಹಳೇ_ಟರ್ಮಿನಲ್

ಇವರಿಗೆ ಅದು ಬೇಡ. ಸೆಕೆಂಡಿಗೆ ಎರಡು ಸಲ ಎಫ್‌ಸಿಂಕ್ ಮಾಡಿದರೆ ಎಸ್‌ಡಿ ಕಾರ್ಡಿನ ಗತಿ? ಬೋರ್ಡಿನಲ್ಲಿ ತೋರಿಸುವ ತೂಕ ಕರೆಂಟ್ ಹೋದ ಮೇಲೆ ಯಾರಿಗೂ ಬೇಡ. ಆ ಫೈಲನ್ನು ರ‍್ಯಾಮ್‌ನಲ್ಲಿರುವ ಟೆಂಪ್‌ಎಫ್‌ಎಸ್‌ನಲ್ಲಿ ಇಡಿ. ಟೆಂಪ್ ಫೈಲೂ ಅಲ್ಲೇ, ರಿನೇಮೂ ಅಲ್ಲೇ. ದುಡ್ಡಿನ ಲೆಕ್ಕ ಮಾತ್ರ ಡೇಟಾಬೇಸ್‌ಗೆ ಹೋಗಲಿ, ಎಫ್‌ಸಿಂಕ್ ಚಿಂತೆ ಅದೇ ಮಾಡುತ್ತದೆ. ನೀವು ಲೆಕ್ಕವನ್ನೂ ಜೇಸನ್ ಫೈಲ್‌ನಲ್ಲೇ ಇಟ್ಟಿಲ್ಲ ತಾನೇ?

ಡೈರಿ_ಹುಡುಗ

ಇಲ್ಲ ಸರ್, ಲೆಕ್ಕ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿದೆ. ಚೀಟಿ ಪ್ರಿಂಟ್ ಆಗುವುದೂ ಅದರಿಂದಲೇ.

ಮಲ್ನಾಡ್_ಸರ್ವರ್

ಒಳ್ಳೇದಾಯ್ತು. ಯಾಕೆಂದರೆ ಇಬ್ಬರು ಓದಿ, ಕೂಡಿಸಿ, ವಾಪಸ್ ಬರೆಯುವುದಿದ್ದರೆ ರಿನೇಮ್ ಕೈ ಹಿಡಿಯಲ್ಲ. ಇಬ್ಬರೂ ಹಳೆಯದನ್ನೇ ಓದಿ ಕೂಡಿಸಿದರೆ ಒಬ್ಬರ ಹಾಲು ಲೆಕ್ಕಕ್ಕೇ ಸೇರಲ್ಲ. ಫೈಲ್ ಮಾತ್ರ ಚೊಕ್ಕವಾಗಿಯೇ ಇರುತ್ತದೆ.

ಗೂಡು_ಕಂಪ್ಯೂಟರ್

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ಇಲ್ಲಿವರೆಗೆ ಎಲ್ಲರೂ "ಪ್ರೋಗ್ರಾಂ ಬರೆದವನ ತಪ್ಪು" ಅಂತಲೇ ಮಾತಾಡಿದಿರಿ. ಫೈಲ್‌ಸಿಸ್ಟಂ ಒಳಗೇ ಇಂಥ ಸಂದಿ ಇದ್ದರೆ? ನಾನು ಮನೆಯಲ್ಲಿ ಫೋಟೋ ಇಡಲು ಝಡ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಂ ಬಳಸುತ್ತೇನೆ. 2023ರ ನವೆಂಬರ್‌ನಲ್ಲಿ ನಾಲ್ಕೈದು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಆ ಕಥೆ ಹೇಳಲೇಬೇಕು.

ಓಪನ್‌ಝಡ್‌ಎಫ್‌ಎಸ್ 2.2.0 ಆ ವರ್ಷದ ಅಕ್ಟೋಬರ್‌ನಲ್ಲಿ ಬಂತು. ಬ್ಲಾಕ್ ಕ್ಲೋನಿಂಗ್ (ಡೇಟಾ ನಕಲಿಸದೆ ಅದೇ ಬ್ಲಾಕ್‌ಗಳನ್ನು ಹಂಚಿಕೊಳ್ಳುವುದು) ಅನ್ನುವ ಹೊಸ ಸೌಲಭ್ಯ ಅದರಲ್ಲಿತ್ತು. ಸ್ವಲ್ಪ ದಿನಕ್ಕೆ ಜೆಂಟೂ (ಪ್ರೋಗ್ರಾಂಗಳನ್ನು ತಾವೇ ಕಂಪೈಲ್ ಮಾಡಿಕೊಳ್ಳುವ ಲಿನಕ್ಸ್) ಬಳಸುವವರೊಬ್ಬರು ಗೋ ಭಾಷೆಯ ಪ್ಯಾಕೇಜ್ ಬಿಲ್ಡ್ ಮಾಡಿ ನೋಡಿದರೆ, ಇನ್‌ಸ್ಟಾಲ್ ಆದ ಕೆಲವು ಫೈಲ್‌ಗಳ ಮಧ್ಯೆ ದೊಡ್ಡ ದೊಡ್ಡ ಸೊನ್ನೆಗಳ ಪಟ್ಟಿ. ಎಲ್ಲರೂ ಹೊಸ ಸೌಲಭ್ಯದ ಮೇಲೆ ಗೂಬೆ ಕೂರಿಸಿದರು. 2.2.1ರಲ್ಲಿ ಅದನ್ನು ಆಫ್ ಮಾಡಿಯೂ ಬಿಟ್ಟರು. ಆದರೂ ಫೈಲ್ ಹಾಳಾಗುವುದು ನಿಲ್ಲಲಿಲ್ಲ! ಬ್ಲಾಕ್ ಕ್ಲೋನಿಂಗ್ ಇಲ್ಲದ ಹಳೇ ಆವೃತ್ತಿಗಳಲ್ಲೂ ಆಗುತ್ತದೆ ಅಂತ ಆಮೇಲೆ ತಿಳಿಯಿತು. ತಪ್ಪು ಹಲವು ವರ್ಷಗಳಿಂದ ಅಲ್ಲೇ ಕೂತಿತ್ತು.

ಸುಮ್ನೆ_ಓದ್ತೀನಿ

ಅಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ವಾ? ಝಡ್‌ಎಫ್‌ಎಸ್‌ನಲ್ಲಿ ಡೇಟಾ ಕೆಟ್ಟರೆ ಹಿಡಿಯುವ ಚೆಕ್‌ಸಮ್ ಇದೆ, ಎಲ್ಲವನ್ನೂ ಓದಿ ಪರೀಕ್ಷಿಸುವ ಸ್ಕ್ರಬ್ ಇದೆ ಅಂತ ದಿನಾ ಕೊಚ್ಚಿಕೊಳ್ಳುತ್ತಿರುತ್ತೀರಲ್ಲ 😄

ಗೂಡು_ಕಂಪ್ಯೂಟರ್

ಅದೇ ತಮಾಷೆ. ಚೆಕ್‌ಸಮ್ ಎಲ್ಲ ಸರಿಯಾಗಿಯೇ ಇತ್ತು. ಮೂಲ ಫೈಲ್ ಕೂಡ ಸರಿಯಾಗಿತ್ತು. ಕಾಪಿ ಮಾತ್ರ ತಪ್ಪು. ಆ ತಪ್ಪು ಕಾಪಿಯನ್ನು ಝಡ್‌ಎಫ್‌ಎಸ್ ಬಹಳ ಶ್ರದ್ಧೆಯಿಂದ ಚೆಕ್‌ಸಮ್ ಹಾಕಿ ಕಾಪಾಡುತ್ತಿತ್ತು. ಸ್ಕ್ರಬ್‌ಗೆ ಏನು ಗೊತ್ತಾಗಬೇಕು?

ಒಳಗೆ ಆಗುತ್ತಿದ್ದದ್ದು ಹೀಗೆ. ಫೈಲ್‌ನಲ್ಲಿ ದೊಡ್ಡ ಖಾಲಿ ಜಾಗಗಳಿದ್ದರೆ ಅವನ್ನು ಕಾಪಿ ಮಾಡುವ ಅಗತ್ಯವಿಲ್ಲ. ಅದಕ್ಕೇ ಕಾಪಿ ಮಾಡುವ ಸಿಪಿ ಕಮಾಂಡ್ "ಮುಂದಿನ ಡೇಟಾ ಎಲ್ಲಿದೆ, ಮುಂದಿನ ತೂತು ಎಲ್ಲಿದೆ" ಎಂದು ಫೈಲ್‌ಸಿಸ್ಟಂ ಅನ್ನು ಕೇಳುತ್ತದೆ. ಸೀಕ್-ಡೇಟಾ, ಸೀಕ್-ಹೋಲ್ ಅನ್ನುವುದು ಆ ಕರೆಗಳ ಹೆಸರು. 2021ರ ಕೋರ್‌ಯುಟಿಲ್ಸ್ (ಸಿಪಿ ಇರುವ ಕಮಾಂಡ್‌ಗಳ ಕಂತೆ) 9.0ರಿಂದ ಸಿಪಿ ಈ ದಾರಿ ಹಿಡಿಯಿತು.

ಈಗ ಝಡ್‌ಎಫ್‌ಎಸ್ ಕಡೆ ನೋಡಿ. ನೀವು ಬರೆದದ್ದು ತಕ್ಷಣ ಡಿಸ್ಕ್‌ಗೆ ಹೋಗುವುದಿಲ್ಲ. ಗುಂಪು ಮಾಡಿಕೊಂಡು, ಹೆಚ್ಚೆಂದರೆ ಸುಮಾರು 5 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಅಲ್ಲಿವರೆಗೆ ಆ ಫೈಲ್ "ಕೊಳೆ" ಪಟ್ಟಿಯಲ್ಲಿ ಇರುತ್ತದೆ. ತೂತು ಎಲ್ಲಿ ಅಂತ ಕೇಳಿದಾಗ ಮೊದಲು ನೋಡುವುದು ಫೈಲ್ ಕೊಳೆ ಪಟ್ಟಿಯಲ್ಲಿದೆಯಾ ಅಂತ. ಇದ್ದರೆ ಡಿಸ್ಕ್‌ಗೆ ಹೋಗುವವರೆಗೆ ಕಾಯಬೇಕು. ಇಲ್ಲದಿದ್ದರೆ ಡಿಸ್ಕ್‌ನಲ್ಲಿ ಏನಿದೆಯೋ ಅದೇ ಸತ್ಯ.

ತಾಲ್ಲೂಕು ಕಚೇರಿ ನೆನೆಸಿಕೊಳ್ಳಿ. "ಬಾಕಿ" ಟ್ರೇಯಿಂದ ಅರ್ಜಿ ಎತ್ತಿ ಗುಮಾಸ್ತರು ಕೈಯಲ್ಲಿ ಹಿಡಿದಿದ್ದಾರೆ, ರಿಜಿಸ್ಟರ್‌ನಲ್ಲಿ ಇನ್ನೂ ಬರೆದಿಲ್ಲ. ಅದೇ ಗಳಿಗೆಯಲ್ಲಿ ಯಾರೋ ಬಂದು "ನನ್ನ ಅರ್ಜಿ ಬಾಕಿ ಇದೆಯಾ" ಅಂದರು. ಟ್ರೇ ನೋಡಿದರೆ ಇಲ್ಲ. ಹಾಗಾದರೆ ಕೆಲಸ ಮುಗಿದಿರಬೇಕು ಅಂತ ರಿಜಿಸ್ಟರ್ ತೆಗೆದರೆ ಪುಟ ಖಾಲಿ. "ನಿಮ್ಮದು ಏನೂ ಇಲ್ಲ, ಹೋಗಿ." ಝಡ್‌ಎಫ್‌ಎಸ್ ಸಿಪಿಗೆ ಹೇಳಿದ್ದೂ ಇದನ್ನೇ. ಸಿಪಿ ಪಾಪ ನಂಬಿ, ಅಲ್ಲಿ ತೂತು ಬಿಟ್ಟು ಮುಂದೆ ಹೋಯಿತು.

ಫಿಲ್ಟರ್_ಕಾಫಿ_ಸಿ

ಅಂದರೆ ನೇರವಾಗಿ ರೀಡ್ ಮಾಡಿದ್ದರೆ ಸರಿಯಾದ ಡೇಟಾ ಸಿಗುತ್ತಿತ್ತು, ಡೇಟಾ ಎಲ್ಲಿದೆ ಎಂದು ಕೇಳಿದ್ದಕ್ಕೆ ಮಾತ್ರ ತಪ್ಪು ಉತ್ತರ?

ಗೂಡು_ಕಂಪ್ಯೂಟರ್

ಹೌದು, ಅದೇ. ಅದಕ್ಕೇ ಇಷ್ಟು ವರ್ಷ ಅಡಗಿ ಕೂತಿತ್ತು. ಬರೆದ ಕೂಡಲೇ, ಕೆಲವೇ ಸೆಕೆಂಡಿನೊಳಗೆ, ಅದೂ ಆ ಸಣ್ಣ ಸಂದಿಯಲ್ಲಿ ತೂತು ಹುಡುಕಬೇಕು. ಹಳೇ ಸಿಪಿ ಅಷ್ಟು ಕೇಳುತ್ತಿರಲಿಲ್ಲ. ಹೊಸದು ಹೆಚ್ಚು ಸಲ ಕೇಳುತ್ತದೆ. ಜೆಂಟೂದಲ್ಲಂತೂ ಕಂಪೈಲ್ ಮಾಡಿದ ಬಿಸಿಬಿಸಿ ಫೈಲ್‌ಗಳನ್ನು ಆಗಲೇ ಕಾಪಿ ಮಾಡುತ್ತಾರೆ, ಎಲ್ಲ ಕೋರ್‌ಗಳೂ ಒಟ್ಟಿಗೆ. ಸಿಕ್ಕಿಬೀಳದೆ ಇನ್ನೇನು?

ನವೆಂಬರ್ 30ಕ್ಕೆ 2.2.2 ಮತ್ತು 2.1.14 ಎರಡನ್ನೂ ಬಿಟ್ಟರು. ತಿದ್ದುಪಡಿ ಬಹಳ ಚಿಕ್ಕದು. ಟ್ರೇ ಮಾತ್ರ ನೋಡಬೇಡ, ಕೈಯಲ್ಲಿ ಏನಿದೆ ಅದನ್ನೂ ನೋಡು ಅಂದ ಹಾಗೆ. ಅದಕ್ಕೆ ಮೊದಲು ಒಂದು ಸೆಟ್ಟಿಂಗ್ ಬದಲಿಸಿ ಎಂದು ಎಲ್ಲರೂ ಹಂಚುತ್ತಿದ್ದರು. ಅದರಿಂದ ಸಾಧ್ಯತೆ ಕಮ್ಮಿ ಆಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ನನ್ನ ಫೋಟೋಗಳಲ್ಲಿ ಒಂದೂ ಹಾಳಾಗಿರಲಿಲ್ಲ. ಸೊನ್ನೆ ತುಂಬಿದ ಫೈಲ್ ಹುಡುಕಲು ಮಾತ್ರ ಒಂದು ಇಡೀ ಭಾನುವಾರ ಹೋಯಿತು, ಮನೆಯಲ್ಲಿ ಬೈಗುಳ ಬೇರೆ.

ಡೈರಿ_ಹುಡುಗ

ನಮಸ್ಕಾರ, ಮತ್ತೆ ಬಂದೆ. ರಿನೇಮ್ ಹಾಕಿದೆ, ಟೆಂಪ್‌ಎಫ್‌ಎಸ್‌ಗೂ ಬದಲಾಯಿಸಿದೆ. ಖಾಲಿ ಬರುವುದು ಪೂರ್ತಿ ನಿಂತಿತು. ಆದರೆ ಇವತ್ತು ಬೆಳಿಗ್ಗೆ ಬೋರ್ಡ್ 6.4 ಲೀಟರ್‌ನಲ್ಲಿ ನಿಂತುಬಿಟ್ಟಿದೆ. ಯಾರು ಬಂದರೂ 6.4! ಒಬ್ಬರು ಅಜ್ಜಿ ದಿನಾ ಮೂರು ಲೀಟರ್ ಹಾಕುವವರು. ಚೀಟಿಯಲ್ಲಿ 3.1 ಬಂದಿದೆ, ಬೋರ್ಡ್ ಮೇಲೆ 6.4. ಬೋರ್ಡೇ ಸರಿ, ಚೀಟಿ ತಪ್ಪು ಅಂತ ಅಜ್ಜಿಯ ವಾದ. ಫೈಲ್ ತೆರೆದು ನೋಡಿದರೆ ಹೊಸ ತೂಕವೇ ಇದೆ. ದಯವಿಟ್ಟು ಹೇಳಿ.

ಮಲ್ನಾಡ್_ಸರ್ವರ್

ಬೋರ್ಡಿನ ಪ್ರೋಗ್ರಾಂ ಫೈಲನ್ನು ಒಮ್ಮೆ ಓಪನ್ ಮಾಡಿ ಇಟ್ಟುಕೊಂಡು, ಅದನ್ನೇ ಮತ್ತೆ ಮತ್ತೆ ಓದುತ್ತಿದೆಯಾ? ಇಲ್ಲವೇ ಡಾಕರ್ (ಪ್ರೋಗ್ರಾಂ ಅನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವುದು) ಏನಾದರೂ ಇದೆಯಾ?

ಡೈರಿ_ಹುಡುಗ

ಪ್ರತಿ ಸಲ ಹೊಸದಾಗಿಯೇ ಓಪನ್ ಮಾಡುತ್ತೇನೆ. ಹ್ಞಾಂ, ಬೋರ್ಡಿನದು ಡಾಕರ್ ಒಳಗಿದೆ.

ಹಳೇ_ಟರ್ಮಿನಲ್

ಡೈರಿಗೆ ಡಾಕರ್ ಯಾಕಪ್ಪಾ?

ಡೈರಿ_ಹುಡುಗ

ಕೆಲಸ ಹುಡುಕ್ತಾ ಇದೀನಿ ಸರ್, ರೆಸ್ಯೂಮೆಗೆ 🙏

ಮಲ್ನಾಡ್_ಸರ್ವರ್

😂 ಸಿಕ್ಕಿತು. ನೀವು ಕಂಟೇನರ್‌ಗೆ ಆ ಒಂದು ಫೈಲನ್ನು ಮಾತ್ರ ಮೌಂಟ್ ಮಾಡಿದ್ದೀರಿ, ಅಂದರೆ ಒಳಗೆ ಕಾಣುವಂತೆ ಜೋಡಿಸಿದ್ದೀರಿ. ಇಂಥ ಬೈಂಡ್ ಮೌಂಟ್ ಹಿಡಿದುಕೊಳ್ಳುವುದು ಹೆಸರನ್ನಲ್ಲ, ಐನೋಡನ್ನು. ಕಂಟೇನರ್ ಶುರುವಾದಾಗ ಮೊಳೆ ಮೇಲೆ ಯಾವ ಹಲಗೆ ಇತ್ತೋ ಅದನ್ನೇ ಅದು ಒಳಗೆ ಇಟ್ಟುಕೊಂಡಿದೆ. ಹೊರಗೆ ನೀವು ಸೆಕೆಂಡಿಗೆ ಎರಡು ಹಲಗೆ ಬದಲಾಯಿಸುತ್ತಿದ್ದೀರಿ, ಅದಕ್ಕೆ ಗೊತ್ತೇ ಇಲ್ಲ. ಮೊದಲು ಅದೇ ಫೈಲನ್ನು ಒರೆಸಿ ಬರೆಯುತ್ತಿದ್ದಿರಿ, ಐನೋಡ್ ಬದಲಾಗುತ್ತಿರಲಿಲ್ಲ, ಅದಕ್ಕೇ ಕೆಲಸ ಮಾಡುತ್ತಿತ್ತು.

ಫೈಲ್ ಬದಲು ಇಡೀ ಫೋಲ್ಡರ್ ಮೌಂಟ್ ಮಾಡಿ, ಸರಿಹೋಗುತ್ತದೆ. ಐನೋಟಿಫೈ ಬಳಸಿ ಫೈಲ್ ಬದಲಾಗುವುದನ್ನು ಕಾಯುವವರಿಗೂ ಇದೇ ಮಾತು, ಫೋಲ್ಡರನ್ನು ಕಾಯಿರಿ.

ಕರೆಂಟ್_ಹೋಯ್ತು

ಕುಬರ್ನೆಟೀಸ್‌ನಲ್ಲೂ (ಹಲವು ಕಂಟೇನರ್‌ಗಳನ್ನು ನಿಭಾಯಿಸುವ ವ್ಯವಸ್ಥೆ) ಇದೇ ತಲೆನೋವು. ಕಾನ್ಫಿಗ್‌ಮ್ಯಾಪ್ (ಸೆಟ್ಟಿಂಗ್‌ಗಳ ಕಟ್ಟು) ಅನ್ನು ಫೋಲ್ಡರ್ ಆಗಿ ಮೌಂಟ್ ಮಾಡಿದರೆ ಒಳಗೆ ಒಂದು ಸಿಮ್‌ಲಿಂಕ್ (ಇನ್ನೊಂದು ಜಾಗ ತೋರಿಸುವ ಕೊಂಡಿ) ಬದಲಾಯಿಸಿ ಎಲ್ಲ ಫೈಲ್‌ಗಳನ್ನೂ ಒಟ್ಟಿಗೇ ಹೊಸದು ಮಾಡುತ್ತಾರೆ. ಅದೇ ಸಬ್‌ಪಾತ್ ಹಾಕಿ ಒಂದೇ ಫೈಲ್ ತೆಗೆದುಕೊಂಡಿರೋ, ಅಪ್‌ಡೇಟ್ ಬರುವುದೇ ಇಲ್ಲ.

ಡೈರಿ_ಹುಡುಗ

ಫೋಲ್ಡರ್ ಮೌಂಟ್ ಮಾಡಿದೆ. ನಿನ್ನೆ ಸಂಜೆ, ಇವತ್ತು ಬೆಳಿಗ್ಗೆ ಎರಡು ಹೊತ್ತೂ ನೋಡಿದೆ. ಬೋರ್ಡ್ ಖಾಲಿಯೂ ಆಗಲಿಲ್ಲ, ನಿಲ್ಲಲೂ ಇಲ್ಲ. ಎಲ್ಲರಿಗೂ ತುಂಬಾ ಧನ್ಯವಾದ. ಅಜ್ಜಿ ಬಂದು ಬೋರ್ಡ್ ನೋಡಿ, "ಮೊನ್ನೆ ಆರೂವರೆ ತೋರಿಸ್ತಿತ್ತು, ಇವತ್ತು ಮೂರಕ್ಕೆ ಇಳಿಸಿದೀಯಲ್ಲೋ, ಏನ್ ಮಾಡ್ದೆ ಅದಕ್ಕೆ" ಅಂತ ಬೈದು ಹೋದರು.